ಬಾಗಿಲಲ್ಲಿ ಮಲಗುವ ನಾಯಿ ಯಾರದು?

ನಮ್ಮ ಹಳ್ಳಿಗಳಲ್ಲಿ ಒಂದು ವಿಚಿತ್ರವಾದ ವಾಡಿಕೆ ಉಂಟು. ರಾತ್ರಿಯಲ್ಲಿ ಕಳ್ಳನ ಸುಳಿವನ್ನು ತಿಳಿದು ಬೊಗಳಿದರೆ ಅದು ನಮ್ಮ ನಾಯಿ. ಅದೇ ನಾಯಿ ನೆರೆಮನೆಯ ಕೋಳಿಯನ್ನು ಹಿಡಿದರೆ, ಇಲ್ಲವೆ ಶಾಲೆಗೆ ಹೋಗುವ ಹುಡುಗನ ಕಾಲನ್ನು ಕಚ್ಚಿದರೆ ಅದು ಊರ ನಾಯಿ. ಮಿಕ್ಕ ಅನ್ನವನ್ನು ಹಾಕಿದವರು ನಾವು, ಹೆಸರಿಟ್ಟು ಕರೆದವರೂ ನಾವೇ. ಆದರೆ ನೆರೆಯವನು ಅಂಗಳದಲ್ಲಿ ಬಂದು ನಿಂತು ನಷ್ಟವನ್ನು ಕೇಳುವಾಗ, "ನಾವು ಸಾಕಿದ್ದಲ್ಲಪ್ಪಾ, ತಾನಾಗಿ ಬಂದು ಬಿದ್ದುಕೊಂಡಿರುತ್ತದೆ" ಎಂದು ಹೇಳಿಬಿಡುತ್ತೇವೆ. ಈ ಮಾತು ಸತ್ಯವೋ ಎಂಬದನ್ನು ವಿಚಾರಿಸೋಣ.

ಹಣ ಕೊಟ್ಟು ಕೊಂಡವನು ಮಾತ್ರ ಯಜಮಾನನೆಂದು ಅನೇಕರು ನೆನಸುತ್ತಾರೆ. ಹಾಗಲ್ಲ. ಈ ದೇಶದ 1860ರ ದಂಡಸಂಹಿತೆಯ 289ನೆಯ ಕಲಮೂ, ಅದರ ಬದಲಿಗೆ 2024ನೇ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮೂ ಕ್ರಯದ ಮಾತನ್ನೇ ಎತ್ತುವದಿಲ್ಲ. ಪ್ರಾಣಿಯು ಯಾರ ಸ್ವಾಧೀನದಲ್ಲಿರುವದೋ ಅವನು ಅದರಿಂದ ಜನರಿಗೆ ಅಪಾಯವಾಗದಂತೆ ಜಾಗ್ರತೆ ವಹಿಸಬೇಕೆಂದು ಹೇಳುತ್ತವೆ. ತಪ್ಪಿದವನಿಗೆ ಈಗ 6 ತಿಂಗಳ ವರೆಗೆ ಸೆರೆ, ಇಲ್ಲವೆ 5,000 ರೂಪಾಯಿ ವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ವಿಷಯವಾದ ಕಟ್ಟಳೆಯನ್ನು ಓದಿದವರು ಇನ್ನೊಂದನ್ನು ಬಲ್ಲರು: ಹಾಯುವದು ಅದರ ರೂಢಿಯೆಂದು ಗೊತ್ತಿದ್ದೂ ಎತ್ತನ್ನು ಕಟ್ಟದವನ ಮೇಲೆಯೇ ಅಲ್ಲಿ ಭಾರವಾದ ಹೊಣೆ ಬೀಳುತ್ತದೆ. ತಿಳುವಳಿಕೆಯೇ ಹೊಣೆಯನ್ನು ಹೆಚ್ಚಿಸುತ್ತದೆ. ನಮ್ಮ ನಾಯಿಯ ಸ್ವಭಾವವನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಕೋಳಿಯ ನಷ್ಟವನ್ನು ತುಂಬಿಕೊಡಬಹುದು. ಹುಚ್ಚುನಾಯಿಯ ರೋಗವು ಹಾಗಲ್ಲ. ಅದರ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಮೇಲೆ ಬದುಕಿದವರು ಅತ್ಯಪರೂಪ. ನಮ್ಮ ದೇಶದಲ್ಲಿ ವರುಷವರುಷವೂ ಸಾವಿರಾರು ಮಂದಿ ಇದರಿಂದ ಸಾಯುತ್ತಾರೆ. ಅವರಲ್ಲಿ ಮಕ್ಕಳು ಬಹಳ. ಲೋಕದಲ್ಲಿ ಮನುಷ್ಯರಿಗೆ ತಗಲುವ ಈ ರೋಗದಲ್ಲಿ ನೂರಕ್ಕೆ 99ರ ವರೆಗೆ ನಾಯಿಗಳಿಂದಲೇ ಬರುತ್ತದೆ. ಪಾಶ್ಚರ್ ಪಂಡಿತರು 1885ರಲ್ಲಿ ನಾಯಿ ಕಚ್ಚಿದ ಒಬ್ಬ ಹುಡುಗನಿಗೆ ಮೊದಲು ಮದ್ದು ಹಾಕಿ ಉಳಿಸಿದರು. ನಮ್ಮ ದೇಶದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ 1907ರಲ್ಲಿ ಕೂನೂರಿನಲ್ಲಿಯೂ ಇದಕ್ಕಾಗಿ ಸಂಸ್ಥೆಗಳು ಏರ್ಪಟ್ಟವು. ಹೊಟ್ಟೆಗೆ 14 ಸೂಜಿ ಚುಚ್ಚುತ್ತಿದ್ದ ಕಾಲ ಹೋಯಿತು. ಈಗಿನ ಕೆಲವು ಸೂಜಿಗಳು ತೋಳಿಗೇ ಆಗುತ್ತವೆ. ಹೀಗಿದ್ದರೂ ಇಂದಿಗೂ ಗಾಯಕ್ಕೆ ಮೆಣಸಿನಪುಡಿ, ಸುಣ್ಣ ಹಚ್ಚಿ ಮಂತ್ರಿಸುವವನ ಬಳಿಗೆ ಓಡುವವರುಂಟು. ಇದು ಕೂಡದು. ಗಾಯವನ್ನು ಸಾಬೂನಿನಿಂದ, ಸುರಿಯುವ ನೀರಿನಲ್ಲಿ, 15 ನಿಮಿಷ ಬಿಡದೆ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗಿ, ವೈದ್ಯರು ಗೊತ್ತುಮಾಡಿದ ದಿನಗಳಲ್ಲೆಲ್ಲಾ ಸೂಜಿಯನ್ನು ಹಾಕಿಸಿಕೊಳ್ಳಬೇಕು. ಎರಡು ಸೂಜಿಗೆ ಗಾಯ ಮಾಯಿತೆಂದು ಬಿಟ್ಟುಬಿಡುವವರು ಮಾಯುವದು ಚರ್ಮವೇ ಹೊರತು ವಿಷವಲ್ಲವೆಂದು ಅರಿಯರು.

ಮರಿಗೆ ಮೂರು ತಿಂಗಳಾದಾಗ ಒಮ್ಮೆ, ಅನಂತರ ಪಶುವೈದ್ಯರು ಹೇಳಿದಂತೆ ವರುಷಕ್ಕೊಮ್ಮೆ ನಾಯಿಗೇ ಮದ್ದು ಹಾಕಿಸಿದರೆ ಮನೆಯೂ ನೆರೆಯೂ ಕಾಯಲ್ಪಡುವದು. ಬಡವರಿಗೆ ಇದು ಆದೀತೇ ಎಂದು ಕೇಳುತ್ತೀರೋ? ಅದರ ವೆಚ್ಚವು ಒಂದು ಚೀಲ ಹಿಂಡಿಯ ಬೆಲೆಗಿಂತ ಬಹು ಕಡಿಮೆ. ಎಮ್ಮೆ ಹಾಲು ಕೊಡುತ್ತದೆ, ನಾಯಿ ಏನು ಕೊಡುತ್ತದೆ ಎಂಬವರು ರಾತ್ರಿ ಬಾಗಿಲು ತೆರೆದಿಟ್ಟು ಮಲಗುವದು ಯಾರ ಭರವಸದಿಂದ?

ಮತ್ತೊಂದು ಸಂಗತಿಯನ್ನು ಬರೆಯಲು ನಾಚಿಕೆಯಾಗುತ್ತದೆ. ನಾಯಿ ಈದರೆ ಗಂಡು ಮರಿಯನ್ನು ಇಟ್ಟುಕೊಂಡು, ಹೆಣ್ಣು ಮರಿಗಳನ್ನು ಚೀಲದಲ್ಲಿ ತುಂಬಿ ಕೆರೆಯ ಏರಿಯ ಮೇಲೋ ಸಂತೆಯ ಬಯಲಲ್ಲೋ ಬಿಟ್ಟುಬರುವದುಂಟು. ಕೊಲ್ಲಲಿಲ್ಲವಲ್ಲಾ ಎಂದು ಅವರಿಗೆ ಸಮಾಧಾನ. ಆದರೆ ಅವುಗಳಲ್ಲಿ ಹೆಚ್ಚಿನವು ಹಸಿವಿನಿಂದ ಸಾಯುತ್ತವೆ. ಉಳಿದವು ಮುಂದಿನ ವರುಷ ತಾವೇ ಈದು ಇನ್ನೊಂದು ಊರಿನ ಮಕ್ಕಳನ್ನು ಅಟ್ಟುತ್ತವೆ. ನಾಯಿಯು ಸುಮಾರು 63 ದಿನಗಳಲ್ಲಿ ಈಯುವದರಿಂದ ಈ ಲೆಕ್ಕ ಬೇಗ ಬೆಳೆಯುತ್ತದೆ. ಪಶು ಆಸ್ಪತ್ರೆಯಲ್ಲಿ ಸಂತಾನಹರಣ ಮಾಡಿಸುವದು ಇದಕ್ಕಿಂತ ಎಷ್ಟೋ ಕರುಣೆಯುಳ್ಳದ್ದು. ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟುಬಿಡುವದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರವೂ ಅಪರಾಧವೇ. ಸದಾ ಕಟ್ಟಿಟ್ಟ ನಾಯಿಯನ್ನು ಅಡ್ಡಾಡಿಸದೆ ಇರುವದೂ ಹಾಗೆಯೇ. ಆದಕಾರಣ ಹಗಲೂ ರಾತ್ರಿಯೂ ಗಿಡ್ಡ ಸರಪಳಿಯಲ್ಲಿ ಬಿಸಿಲಿಗೆ ಬಿಗಿದು, ಹೊಣೆ ತೀರಿತೆನ್ನುವವರು ನೆರೆಯವನನ್ನು ಕಾದರೂ ನಾಯಿಗೆ ಅನ್ಯಾಯ ಮಾಡುತ್ತಾರೆ. ಕಟ್ಟಿದ ನಾಯಿ ಹೆಚ್ಚು ಕಚ್ಚುತ್ತದೆಂಬದನ್ನೂ ನಾವು ಕಂಡಿರುತ್ತೇವೆ.

ಮುಪ್ಪಾದ ನಾಯಿಯ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ. ಹಲ್ಲು ಉದುರಿದ ಮೇಲೆ ಅದಕ್ಕೆ ಮಳೆ ಬೀಳದ ಒಂದು ಮೂಲೆಯೂ ಕಿವುಚಿದ ಅನ್ನವೂ ಒಂದು ಬಟ್ಟಲು ನೀರೂ ಸಾಕು. ಹತ್ತು ವರುಷ ಕಾದ ಹೊಸ್ತಿಲಲ್ಲಿ ಅಷ್ಟು ಸ್ಥಳ ಇದ್ದೇ ಇದೆ.