ಬೀಜಗಳ್ಳ

ಕಳೆದ ದೀಪಾವಳಿಗೆ ಗದಗಿಗೆ ಹೋದಾಗ ತಂಗಿ ನನ್ನನ್ನು ಕಳ್ಳ ಎಂದಳು. ನಗುತ್ತಲೇ ಅಂದಳು. ಮಾತು ಶುರುವಾಗಿದ್ದೂ ಒಂದು ವಿಡಿಯೋ ಗೇಮಿನಿಂದ. ಆದರೆ ಆ ಮಾತು ಬಿದ್ದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಬೆಂಗಳೂರಿಗೆ ಮರಳಿದ ಮೇಲೂ ಅದು ನನ್ನನ್ನು ಬಿಟ್ಟಿಲ್ಲ.

ನಾವು ಮಾತಾಡುತ್ತಿದ್ದದ್ದು 'ಡ್ರ್ಯಾಗನ್ ಕ್ವೆಸ್ಟ್ 7' ಬಗ್ಗೆ. 2000ದ ಆಗಸ್ಟ್ 26ರಂದು ಜಪಾನಿನಲ್ಲಿ ಪ್ಲೇಸ್ಟೇಷನ್‌ಗಾಗಿ ಬಿಡುಗಡೆಯಾದ ಆಟ ಅದು. 2013ರಲ್ಲಿ ನಿಂಟೆಂಡೊ 3ಡಿಎಸ್‌ಗಾಗಿ ಅದನ್ನು ಹೊಸದಾಗಿ ಮಾಡಿದರು. ಆ ರೂಪದ ಇಂಗ್ಲಿಷ್ ಆವೃತ್ತಿ 2016ರಲ್ಲಿ ಬಂತು. ನಾನು ಹಳೆಯದನ್ನು ಆಡಿದವನು, ತಂಗಿ ಹೊಸದನ್ನು. ಯಾವುದನ್ನು ಹಿಡಿದರೂ ಮುಗಿಸಲು ನೂರು ಗಂಟೆಯ ತಾಳ್ಮೆ ಬೇಕು. ಮೊದಲ ಕಾಳಗ ಎದುರಾಗುವುದಕ್ಕೇ ಹಳೆಯ ಆಟದಲ್ಲಿ ಗಂಟೆಗಟ್ಟಲೆ ಕಾಯಬೇಕು.

ಕಥೆ ಹೀಗಿದೆ: ಸಮುದ್ರದ ನಡುವೆ ಎಸ್ಟಾರ್ಡ್ ಎಂಬ ಒಂದೇ ಒಂದು ದ್ವೀಪ. ಜಗತ್ತೆಂದರೆ ಅಷ್ಟೇ ಎಂದು ಅಲ್ಲಿನವರು ನಂಬಿದ್ದಾರೆ. ಮೀನುಗಾರನ ಮಗ, ಅಂದರೆ ನಾವು ಆಡಿಸುವ ನಾಯಕ. ಅವನ ಗೆಳೆಯ, ರಾಜಕುಮಾರ ಕೀಫರ್. ಊರಿನ ಸಿರಿವಂತ ಯಜಮಾನನ ಮಗಳು ಮರಿಬೆಲ್. ಈ ಮೂವರು ಒಡೆದ ಕಲ್ಲುಹಲಗೆಯ ಚೂರುಗಳನ್ನು ಹುಡುಕಿ ಜೋಡಿಸುತ್ತಾರೆ. ಒಂದು ಹಲಗೆ ಪೂರ್ತಿಯಾದರೆ ಹಿಂದಿನ ಕಾಲದ, ಈಗ ಇಲ್ಲವಾಗಿರುವ ಒಂದು ನಾಡಿಗೆ ದಾರಿ ತೆರೆಯುತ್ತದೆ. ಅಲ್ಲಿನ ಸಂಕಟ ಪರಿಹರಿಸಿದರೆ ಆ ನಾಡು ಇಂದಿನ ಸಮುದ್ರದಲ್ಲಿ ಮತ್ತೆ ತಲೆಯೆತ್ತುತ್ತದೆ.

ಆಟದಲ್ಲಿ ಸಾಕಷ್ಟು ದೂರ ಬಂದ ಮೇಲೆ ಒಂದು ದೇಗುಲ ಸಿಗುತ್ತದೆ. ಜಪಾನಿ ಭಾಷೆಯಲ್ಲಿ ಅದಕ್ಕೆ 'ದಾಮಾ ಶಿಂದೆನ್' ಎನ್ನುತ್ತಾರೆ. ನಮ್ಮ ಕಿವಿಗೆ ಆ ಹೆಸರಿನೊಳಗಿಂದ 'ಧರ್ಮ' ಕೇಳಿಸದೆ ಇರದು. ಅಲ್ಲಿ ನಿಮಗೆ ಬೇಕಾದ ವೃತ್ತಿ ಹಿಡಿಯಬಹುದು. ಯೋಧ, ಮಲ್ಲ, ಮಂತ್ರವಾದಿ, ಅರ್ಚಕ, ನರ್ತಕ, ಹಾಡುಗಾರ, ವಿದೂಷಕ, ಕಳ್ಳ, ನಾವಿಕ, ಕುರಿಗಾಹಿ. ಒಂದರಲ್ಲಿ ಪಳಗಿ ಇನ್ನೊಂದನ್ನೂ ಕಲಿತರೆ ಮೇಲಿನ ವೃತ್ತಿಯ ಬಾಗಿಲು ತೆರೆಯುತ್ತದೆ. ಮಂತ್ರವಾದಿಯೂ ಅರ್ಚಕನೂ ಆಗಿ ಪಳಗಿದವನು ಜ್ಞಾನಿಯಾಗಬಹುದು. ಪಳಗಿದ್ದನ್ನು ಅಳೆಯುವುದು ನೀವು ಆಡಿದ ಕಾಳಗಗಳ ಎಣಿಕೆಯಿಂದ. ಅದರಲ್ಲೂ ನಿಮಗಿಂತ ತೀರಾ ದುರ್ಬಲರನ್ನು ಹೊಡೆದರೆ ಆ ಗೆಲುವು ಲೆಕ್ಕಕ್ಕೆ ಬರುವುದಿಲ್ಲ.

ಮೊದಲ ಸಲ ಇದನ್ನು ಆಡಿದಾಗ ನನಗೆ ವಿಚಿತ್ರ ಖುಷಿಯಾಗಿತ್ತು. ಧರ್ಮದ ಹೆಸರಿನಲ್ಲಿ ಹುಟ್ಟಿಗೆ ಕಸುಬನ್ನು ಗಂಟುಹಾಕಿದ ನಾಡಿನವನು ನಾನು. ಇಲ್ಲಿ ಅದೇ ಹೆಸರಿನ ಗುಡಿ ಆ ಗಂಟನ್ನು ಬಿಚ್ಚುತ್ತಿದೆ! ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಬೇರೆಬೇರೆ ಮಾಡಿ ಮೇಲುಕೀಳಾಗಿ ನಿಲ್ಲಿಸುತ್ತದೆ ಎಂದು ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದ್ದರು. ಆಟದ ಗುಡಿಯಲ್ಲಿ ಕೆಲಸದ ಹಂಚಿಕೆ ಮಾತ್ರ ಉಂಟು. ಮೀನುಗಾರನ ಮಗನೂ ಯಜಮಾನನ ಮಗಳೂ ಅಲ್ಲಿ ಮೊದಲ ಮೆಟ್ಟಿಲಿನಿಂದಲೇ ಹತ್ತಬೇಕು. ಕುರಿಗಾಹಿಯೂ ಅಲ್ಲಿ ಕಲಿಯಬೇಕಾದ ಒಂದು ವಿದ್ಯೆ.

ಆದರೆ ಆಟ ಅಷ್ಟು ಮುಗ್ಧವೂ ಅಲ್ಲ. ಮೊದಲ ಸಲ ಆ ಗುಡಿಗೆ ಕಾಲಿಟ್ಟಾಗ ಪೀಠದ ಮೇಲೆ ಕೂತಿರುವವನು ಸುಳ್ಳು ಗುರು. ನಂಬಿ ಬಂದವರ ವಿದ್ಯೆಯನ್ನೆಲ್ಲ ಕಿತ್ತುಕೊಂಡು ಕೆಳಗಿನ ಕೇರಿಗೆ ತಳ್ಳುತ್ತಾನೆ. ಅಷ್ಟು ಹೊತ್ತು ನಾವು ಕಲಿತದ್ದೆಲ್ಲ ಒಮ್ಮೆಗೇ ಕೈಬಿಟ್ಟು ಹೋಗುತ್ತದೆ. ಅದನ್ನು ಹೋರಾಡಿಯೇ ಹಿಂದಕ್ಕೆ ಪಡೆಯಬೇಕು.

ದೀಪಾವಳಿಯ ಆ ಸಂಜೆ ನಮ್ಮ ಜಗಳ ಎದ್ದದ್ದು ಹಳೆಯ ಆಟಕ್ಕೂ ಹೊಸದಕ್ಕೂ ಇರುವ ಒಂದು ವ್ಯತ್ಯಾಸದ ಮೇಲೆ. ಹಳೆಯದರಲ್ಲಿ ಒಂದು ವೃತ್ತಿಯಲ್ಲಿ ಕಲಿತದ್ದು ಅದನ್ನು ಬಿಟ್ಟ ಮೇಲೂ ನಿಮ್ಮದೇ. ಹೊಸದರಲ್ಲಿ ಮೊದಲ ಹಂತದ ವೃತ್ತಿಗಳ ಕಲಿಕೆ ಮಾತ್ರ ಜೊತೆಗೆ ಬರುತ್ತದೆ. ಮೇಲಿನ ವೃತ್ತಿಗಳ ವಿದ್ಯೆ ಆ ವೃತ್ತಿಯಲ್ಲಿ ಇರುವವರೆಗೆ ಮಾತ್ರ. ಬಿಟ್ಟರೆ ಬಳಸುವಂತಿಲ್ಲ.

ತಂಗಿ ಹೊಸ ನಿಯಮದ ಪರ. ಹಳೆಯದರಲ್ಲಿ ಕೊನೆಕೊನೆಗೆ ಎಲ್ಲರಿಗೂ ಎಲ್ಲವೂ ಬರುತ್ತದೆ, ತಂಡದಲ್ಲಿ ಯಾರು ಯಾರೆಂಬುದೇ ಉಳಿಯುವುದಿಲ್ಲ ಎಂಬುದು ಅವಳ ವಾದ. ಒಂದನ್ನು ಆರಿಸಿಕೊಂಡರೆ ಇನ್ನೊಂದನ್ನು ಕಳೆದುಕೊಳ್ಳಬೇಕು. ಕಳೆದುಕೊಳ್ಳದಿದ್ದರೆ ಅದು ಆಯ್ಕೆ ಹೇಗಾದೀತು? ನನಗೆ ಇದು ಒಪ್ಪಿಗೆಯಾಗಲಿಲ್ಲ. ನೂರಾರು ಕಾಳಗ ಆಡಿ ಕಲಿತ ವಿದ್ಯೆ ಮನುಷ್ಯನದೋ, ಅವನು ಕೂತ ಕುರ್ಚಿಯದೋ? ಕುರ್ಚಿ ಬಿಟ್ಟ ಕೂಡಲೇ ಮರೆತುಹೋಗುವಂಥದ್ದನ್ನು ಕಲಿಕೆ ಎನ್ನುವುದು ಹೇಗೆ? ಸುಳ್ಳು ಗುರು ಮಾಡಿದ್ದನ್ನೇ ಈಗ ನಿಯಮ ಮಾಡುತ್ತಿದೆ ಎಂದೆ.

ಅಪ್ಪ ಪಕ್ಕದಲ್ಲೇ ಕೂತು ಯಾರದೋ ಮದುವೆಯ ಆಮಂತ್ರಣ ಪತ್ರಿಕೆ ನೋಡುತ್ತಿದ್ದರು. ನಮ್ಮ ಮಾತು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ. "ಇಲ್ಲಿ ಒತ್ತಕ್ಷರ ತಪ್ಪೈತಿ ನೋಡು," ಎಂದು ಬೆರಳಿಟ್ಟು ತೋರಿಸಿದರು.

ಅಪ್ಪ ಇಪ್ಪತ್ತಕ್ಕೂ ಹೆಚ್ಚು ವರ್ಷ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು. ಕನ್ನಡದ ಮೊಳೆ ಜೋಡಿಸುವುದು ಸಣ್ಣ ಕೆಲಸವಲ್ಲ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಖಾನೆಗಳ ಸಂಖ್ಯೆ ಇಂಗ್ಲಿಷಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಕಣ್ಣು ಹಸ್ತಪ್ರತಿಯ ಮೇಲಿದ್ದರೆ ಬೆರಳು ತಾನಾಗಿ ಬೇಕಾದ ಖಾನೆಗೆ ಹೋಗಬೇಕು. ಕನ್ನಡಿಯಲ್ಲಿ ಕಂಡಂತೆ ತಿರುಗಿಬಿದ್ದ ಅಕ್ಷರವನ್ನು ಅವರು ನಾವು ಪೇಪರ್ ಓದಿದಷ್ಟೇ ಸಲೀಸಾಗಿ ಓದುತ್ತಿದ್ದರು. ಕಂಪ್ಯೂಟರ್ ಮತ್ತು ಆಫ್‌ಸೆಟ್ ಬಂದವು. ನಾನು ಶಾಲೆಯಲ್ಲಿದ್ದಾಗ ಅಚ್ಚುಕೂಟ ಮುಚ್ಚಿತು. ಅಪ್ಪ ಒಂದು ಸ್ಟೇಷನರಿ ಅಂಗಡಿಗೆ ಸೇರಿದರು. ಇಪ್ಪತ್ತು ವರ್ಷದ ಹುಡುಗನಿಗೆ ಎಷ್ಟೋ ಅವರಿಗೂ ಅಷ್ಟೇ ಸಂಬಳ.

ಇದೇ ಸರಣಿಯ ಮೂರನೆಯ ಆಟ 1988ರದು. ಅದರಲ್ಲಿ ವೃತ್ತಿ ಬದಲಿಸಿದರೆ ಲೆವೆಲ್ ಮತ್ತೆ ಒಂದಕ್ಕಿಳಿಯುತ್ತದೆ, ಬಲ ಬುದ್ಧಿ ಎಲ್ಲ ಅರ್ಧಕ್ಕರ್ಧ ಆಗುತ್ತವೆ. ಕಲಿತ ಮಂತ್ರಗಳು ಮಾತ್ರ ಉಳಿಯುತ್ತವೆ. ಅದನ್ನು ಆಡುವಾಗಲೆಲ್ಲ ನನಗೆ ಅಂಗಡಿಯ ಮೊದಲ ತಿಂಗಳ ಅಪ್ಪನ ಮುಖ ನೆನಪಾಗುತ್ತದೆ. ಆಗ ನಾನೇ ಅವರಿಗೆ, "ಆ ಮೊಳೆ ಕೆಲಸ ಈಗ ಯಾತಕ್ಕೂ ಬರೂದಿಲ್ಲ, ಕಂಪ್ಯೂಟರ್ ಕಲಿಯಪ್ಪಾ," ಎಂದಿದ್ದೆ. ಅವರು ಏನೂ ಅನ್ನಲಿಲ್ಲ. ಇವತ್ತಿಗೂ ಓಣಿಯ ಮಂದಿ ಅಚ್ಚಿಗೆ ಕಳಿಸುವ ಮೊದಲು ಲಗ್ನಪತ್ರಿಕೆ ತಂದು ಅಪ್ಪನಿಗೇ ತೋರಿಸುತ್ತಾರೆ. ಅದಕ್ಕೆ ಸಂಬಳವಿಲ್ಲ. ಒಂದು ಕಪ್ಪು ಚಹಾ ಉಂಟು.

ಹಾಗಾಗಿ ಹಳೆಯ ನಿಯಮವೇ ಸರಿ ಎಂಬ ನನ್ನ ಹಟದಲ್ಲಿ ತರ್ಕಕ್ಕಿಂತ ತಪ್ಪೊಪ್ಪಿಗೆಯೇ ಜಾಸ್ತಿ ಇತ್ತು. ತಂಗಿಗೆ ಅದು ಗೊತ್ತಾಗಿರಬೇಕು. ಅವಳು ಮಾತನ್ನು ಕೀಫರ್‌ನ ಕಡೆ ತಿರುಗಿಸಿದಳು.

ಕೀಫರ್ ಆಟದ ಆರಂಭದಲ್ಲಿ ನಮ್ಮ ತಂಡದ ಬಲಿಷ್ಠ. ಬಲ, ವೇಗ, ತಾಳಿಕೆಗಳನ್ನು ಶಾಶ್ವತವಾಗಿ ಒಂದಿಷ್ಟು ಹೆಚ್ಚಿಸುವ ಬೀಜಗಳು ಅಪರೂಪಕ್ಕೆ ಸಿಗುತ್ತವೆ. ಹೊಸಬರು ಅವನ್ನು ಸಹಜವಾಗಿ ಕೀಫರ್‌ಗೇ ತಿನ್ನಿಸುತ್ತಾರೆ. ಆದರೆ ಗುಡಿ ಸಿಗುವುದಕ್ಕೂ ಮುಂಚೆ, ಹಿಂದಿನ ಕಾಲದ ಒಂದು ಅಲೆಮಾರಿ ಬುಡಕಟ್ಟಿನ ನಡುವೆ, ಆತ ನಿಂತುಬಿಡುತ್ತಾನೆ. ಸಿಂಹಾಸನ ಬಿಟ್ಟು ಆ ಜನರ ಕಾವಲುಗಾರನಾಗುತ್ತಾನೆ. ಮತ್ತೆಂದೂ ಬರುವುದಿಲ್ಲ. ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ವೃತ್ತಿ ಬದಲಾವಣೆ ಅವನದು. ಅದು ಯಾವ ಗುಡಿಯ ಪಟ್ಟಿಯಲ್ಲೂ ಇಲ್ಲ. ಅವನಿಗೆ ತಿನ್ನಿಸಿದ ಬೀಜಗಳೂ ಅವನ ಜೊತೆಗೇ ಹೋಗುತ್ತವೆ. ಅದಕ್ಕೇ ಜಪಾನಿನ ಆಟಗಾರರು ಅವನಿಗೆ 'ತಾನೆ ದೊರೊಬೊ' ಎಂದು ಹೆಸರಿಟ್ಟಿದ್ದಾರೆ. ಬೀಜಗಳ್ಳ.

"ಅಣ್ಣಾ, ನಮ್ಮ ಮನ್ಯಾಗಿನ ಬೀಜಗಳ್ಳ ನೀನ ಅಲ್ಲೇನು?" ಎಂದಳು ತಂಗಿ.

ಅಚ್ಚುಕೂಟ ಮುಚ್ಚಿದಾಗ ಅಪ್ಪನ ಕೈಗೆ ಬಂದ ದುಡ್ಡು ನನ್ನ ಇಂಜಿನಿಯರಿಂಗಿಗೆ ಹೋಯಿತು. ನಾನು ಬೆಂಗಳೂರಿಗೆ ಹೋದೆ, ಅಲ್ಲೇ ನಿಂತೆ. ಎರಡು ವರ್ಷದ ನಂತರ ತಂಗಿಯ ಸರದಿ ಬಂದಾಗ ಊರಿನ ಕಾಲೇಜಿನ ಬಿ.ಕಾಂ. ಬಿಟ್ಟು ಬೇರೆ ದಾರಿ ಇರಲಿಲ್ಲ. ಅವಳಿಗೆ ನನಗಿಂತ ಹೆಚ್ಚು ಅಂಕ ಇದ್ದವು.

ಹೊಸಬರಿಗೆ ಹಳೆಯ ಆಟಗಾರರು ಹೇಳುವ ಬುದ್ಧಿಮಾತು ಒಂದೇ: ಕೀಫರ್‌ಗೆ ಬೀಜ ಕೊಡಬೇಡಿ. ಬಿಟ್ಟುಹೋಗುವವರಿಗೆ ಯಾಕೆ ತಿನ್ನಿಸುವುದು? ಕೇಳಲು ಜಾಣತನದ ಮಾತು. ನಾನು ಮೊದಲು ಇದನ್ನು ಸುಲಭವಾಗಿ ತಳ್ಳಿಹಾಕುತ್ತಿದ್ದೆ. ಬಿಟ್ಟುಹೋಗುತ್ತಾರೆಂದು ಗೊತ್ತಿದ್ದೂ ತಿನ್ನಿಸುವವರನ್ನೇ ಅಲ್ಲವೇ ನಾವು ತಂದೆತಾಯಿ ಎನ್ನುವುದು? ಮರಳಿ ಬರುವ ಲೆಕ್ಕ ಹಾಕಿ ಕೊಟ್ಟರೆ ಅದು ಸಾಲ. ಹೀಗೆ ಯೋಚಿಸಿದರೆ ಕೀಫರ್ ಕಳ್ಳನಲ್ಲ, ನಾನೂ ಕಳ್ಳನಲ್ಲ. ಮನಸ್ಸಿಗೆ ಹಿತವಾದ ತೀರ್ಮಾನ.

ಆದರೆ ಇದರಲ್ಲಿ ಒಂದು ಮೋಸವಿದೆ. ಕೊಡುವವನು ಮತ್ತು ಪಡೆಯುವವನು ಇಬ್ಬರೇ ಇದ್ದರೆ ಈ ಮಾತು ಸರಿ. ತಂಡದಲ್ಲಿ ಮೂರನೆಯವಳು ಇದ್ದಳು. ಕೀಫರ್ ತಿಂದ ಪ್ರತಿ ಬೀಜವೂ ಮರಿಬೆಲ್ ತಿನ್ನದ ಬೀಜ. ಅಪ್ಪನ ಔದಾರ್ಯವನ್ನು ನಾನು ಹೊಗಳುವಾಗ ಆ ಔದಾರ್ಯದ ಬೆಲೆ ಕೊಟ್ಟವಳು ಎದುರಿಗೇ ಕೂತಿದ್ದಳು.

ಮರಿಬೆಲ್‌ಳ ಕಥೆಯನ್ನು ಆಗ ನಾನು ಮತ್ತೆ ನೆನೆಸಿಕೊಂಡೆ. ಅವಳೂ ನಡುವೆ ತಂಡ ಬಿಡುತ್ತಾಳೆ. ತಂದೆಗೆ ಕಾಯಿಲೆಯಾಗಿ ಮನೆಯಲ್ಲಿ ಉಳಿಯುತ್ತಾಳೆ, ಬಹಳ ಕಾಲದ ಮೇಲೆ ಮರಳುತ್ತಾಳೆ. ಅಷ್ಟರಲ್ಲಿ ಉಳಿದವರು ಎಷ್ಟೋ ಕಾಳಗ ಆಡಿ ವೃತ್ತಿಯ ಮೇಲೆ ವೃತ್ತಿ ಹತ್ತಿರುತ್ತಾರೆ. ಇವಳು ಹಿಂದೆ. ತಂದೆಯ ಹಾಸಿಗೆಯ ಪಕ್ಕ ಕೂತ ದಿನಗಳನ್ನು ಎಣಿಸುವ ಖಾನೆ ಆ ಗುಡಿಯಲ್ಲಿ ಇಲ್ಲ. ಮೂರು ವರ್ಷದ ಹಿಂದೆ ಅಪ್ಪನ ಕಣ್ಣಿನ ಆಪರೇಷನ್ ಆದಾಗ ಔಷಧಿ ಹಾಕಿದವಳು, ರಜೆ ಹಾಕಿದವಳು, ಅದೇ ಕಾರಣಕ್ಕೆ ತನ್ನ ಸೊಸೈಟಿಯ ಬಡ್ತಿ ಪರೀಕ್ಷೆ ತಪ್ಪಿಸಿಕೊಂಡವಳು ತಂಗಿ. ನಾನು ದುಡ್ಡು ಕಳಿಸಿದ್ದೆ. ಅದನ್ನು ಮನೆಯಲ್ಲಿ ಎಲ್ಲರೂ ನೆನಪಿಟ್ಟಿದ್ದಾರೆ.

ವಿದ್ಯೆ ಮನುಷ್ಯನದೋ ಕುರ್ಚಿಯದೋ ಎಂದು ನಾನು ಕೇಳುತ್ತಿದ್ದೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇತ್ತು. ಈ ಎಣಿಕೆಯಲ್ಲಿ ಯಾವುದನ್ನು ಪ್ರಗತಿ ಎಂದು ಬರೆದುಕೊಳ್ಳುತ್ತಿದ್ದೇವೆ? ಯಾರು ಬಿಟ್ಟುಕೊಟ್ಟದ್ದರಿಂದ ಇನ್ನೊಬ್ಬರ ಲೆಕ್ಕ ಬೆಳೆಯಿತು? ಎಲ್ಲರೂ ಒಂದೇ ಮೆಟ್ಟಿಲಿನಿಂದ ಹತ್ತುವ ಗುಡಿ ಚೆನ್ನ, ನಿಜ. ಆದರೆ ಗುಡಿಯ ಬಾಗಿಲಿಗೆ ಬರುವಷ್ಟರಲ್ಲೇ ಬೀಜಗಳ ಹಂಚಿಕೆ ಮುಗಿದುಹೋಗಿರುತ್ತದೆ.

ಆಟದ ಕೊನೆಯಲ್ಲಿ ನಾಯಕ ತಂದೆಯ ದೋಣಿ ಹತ್ತಿ ಮೀನುಗಾರನಾಗುತ್ತಾನೆ. ಬಲೆಗೆ ಮೀನಿನ ಜೊತೆ ಒಂದು ಕಲ್ಲುಹಲಗೆ ಸಿಗುತ್ತದೆ. ಅದರ ಮೇಲೆ ಕೀಫರ್ ಶತಮಾನಗಳ ಹಿಂದೆ ಗೆಳೆಯನಿಗೆ ಬರೆದ ಮಾತು. ಅದಕ್ಕೂ ಮುಂಚೆ ಅವನ ವಂಶದ ಐರಾ ಎಂಬ ಹೆಣ್ಣುಮಗಳು ನಮ್ಮ ತಂಡ ಸೇರಿರುತ್ತಾಳೆ. ಹಿಂದೆ ಇದನ್ನು ನೋಡಿ ನನ್ನ ಕಣ್ಣು ಒದ್ದೆಯಾಗಿತ್ತು. ಬೀಜ ವ್ಯರ್ಥವಾಗಲಿಲ್ಲ ಎಂದುಕೊಂಡಿದ್ದೆ. ಈಗ ಅನಿಸುತ್ತದೆ, ಆ ಪತ್ರ ಬಂದದ್ದು ನಾಯಕನಿಗೆ. ಮರಿಬೆಲ್‌ಳ ಪಾಲಿನ ಬೀಜದ ಮಾತು ಅದರಲ್ಲಿಲ್ಲ.

ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ತಂಗಿಯ 3ಡಿಎಸ್‌ನಲ್ಲಿ ಹೊಸದಾಗಿ ಆಟ ಶುರುಮಾಡಿದೆ. ಕೀಫರ್ ಇನ್ನೂ ಜೊತೆಗಿದ್ದ. ಸಿಕ್ಕ ಬೀಜಗಳನ್ನು ಯಾರಿಗೂ ಕೊಡದೆ ಚೀಲದಲ್ಲೇ ಇಟ್ಟುಕೊಂಡಿದ್ದೆ. ಪಾತ್ರೆ ತೊಳೆದು ಬಂದ ತಂಗಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಹಿಂಗ ಇಟಗೊಂಡು ಕುಂತರ ಯಾರಿಗೂ ಬರೂದಿಲ್ಲ. ಕೊಟ್ಟಬಿಡು."

"ಯಾರಿಗೆ ಕೊಡಲಿ?" ಎಂದೆ.

ಅವಳು ಕೈ ಒರೆಸಿಕೊಂಡು ಆಟವನ್ನು ನನ್ನ ಕೈಯಿಂದ ತೆಗೆದುಕೊಂಡಳು.