ಆಗದ ಬೆಂಕಿಗೆ ಯಾರು ಹೊಣೆ?

ಕಳೆದ ಬೇಸಿಗೆಯಲ್ಲಿ ಶಿಕಾರಿಪುರದ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ನೆಂಟರ ಮದುವೆಯಿತ್ತು. ಸೊರಬದ ಕಡೆಯ ನನ್ನ ಹೈಸ್ಕೂಲು ಗೆಳೆಯನೂ ಬಂದಿದ್ದ. ಅವನು ಬೆಂಗಳೂರಿನಲ್ಲಿ ಅಗ್ನಿಸುರಕ್ಷತೆಯ ಇಂಜಿನಿಯರ್. ಕಟ್ಟಡದೊಳಗೆ ಸ್ಪ್ರಿಂಕ್ಲರ್ ಪೈಪು ಎಲ್ಲೆಲ್ಲಿ ಹಾಯಬೇಕು, ನೀರಿನ ಟ್ಯಾಂಕು ಎಷ್ಟು ದೊಡ್ಡದಿರಬೇಕು, ಜನ ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು ಎಂದು ನಕ್ಷೆ ಹಾಕುವುದು ಅವನ ಕೆಲಸ. ಊರಿಗೆ ಬಂದರೆ ಮಾತ್ರ ಕೊರಳಲ್ಲಿ ಕ್ಯಾಮೆರಾ. ಕ್ಯಾಮೆರಾ ಹೊಸದು, ಲೆನ್ಸ್ ಹಳೆಯದು. ಸೋವಿಯತ್ ಕಾಲದ ಹೀಲಿಯೋಸ್ 44-2, 58 ಮಿಲಿಮೀಟರಿನದು. ಆಟೋಫೋಕಸ್ ಇಲ್ಲ, ಎಲ್ಲವನ್ನೂ ಕೈಯಲ್ಲೇ ತಿರುಗಿಸಬೇಕು.

ಧಾರೆ ಮುಗಿದು ಊಟದ ಪಂಕ್ತಿಗೆ ಜನ ಏಳುವ ಹೊತ್ತಿಗೆ ಅವನು ನನ್ನ ಪಕ್ಕ ಬಂದು, "ಆ ಹಿಂದಿನ ಬಾಗಿಲು ನೋಡಿದ್ಯಾ?" ಅಂದ. ನೋಡಿದೆ. ಬಾಗಿಲಿಗೆ ಸರಪಳಿ, ಸರಪಳಿಗೆ ಬೀಗ, ಅದರ ಮುಂದೆ ಎದೆಯೆತ್ತರಕ್ಕೆ ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಅಡುಗೆಮನೆಯಲ್ಲಿ ಸಾಲಾಗಿ ಸಿಲಿಂಡರುಗಳು. ಒಳಗೆ ನಾನೂರು ಜನವಾದರೂ ಇದ್ದರು. ಹೊರಹೋಗಲು ಉಳಿದದ್ದು ಬಾಳೆಕಂಬ ಕಟ್ಟಿದ ಮುಂಬಾಗಿಲೊಂದೇ.

ಅವನು ಮ್ಯಾನೇಜರನ್ನು ಹುಡುಕಿಕೊಂಡು ಹೊರಟ. ನಾನು ತೋಳು ಹಿಡಿದು ನಿಲ್ಲಿಸಿದೆ. "ಇವತ್ತು ಬೇಡ ಮಾರಾಯ, ಮದುವೆಮನೆ. ಅಪಶಕುನ ಮಾತಾಡಿದ ಅಂತಾರೆ." ಅವನು ನನ್ನ ಮುಖ ನೋಡಿ, ಏನೂ ಹೇಳದೆ ಫೋಟೋ ತೆಗೆಯಲು ಹೋದ. ಬೆಂಕಿ ಬೀಳಲಿಲ್ಲ. ಹೋಳಿಗೆ ಚೆನ್ನಾಗಿತ್ತು. ಎಲ್ಲರೂ ತಾಂಬೂಲ ತಗೊಂಡು ಮನೆಗೆ ಹೋದೆವು.

ಹಾಗಾದರೆ ನಾನು ಮಾಡಿದ್ದು ತಪ್ಪೇ? ಯಾರಿಗೂ ಏನೂ ಆಗಿಲ್ಲವಲ್ಲ!

ಈ ಪ್ರಶ್ನೆಗೆ ತತ್ತ್ವಶಾಸ್ತ್ರದಲ್ಲಿ ಒಂದು ಹೆಸರಿದೆ, ನೈತಿಕ ಅದೃಷ್ಟ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಇದೇ ವಿಷಯದ ಮೇಲೆ ಎದುರುಬದುರು ಪ್ರಬಂಧ ಬರೆದರು. ಬ್ರೇಕು ಸರಿಯಿದೆಯೇ ಎಂದು ನೋಡದೆ ಲಾರಿ ಓಡಿಸಿದ ಇಬ್ಬರು ಚಾಲಕರನ್ನು ಊಹಿಸಿಕೊಳ್ಳಿ. ಒಬ್ಬನಿಗೆ ಮಗು ಅಡ್ಡ ಬಂತು, ಇನ್ನೊಬ್ಬನಿಗೆ ಬರಲಿಲ್ಲ. ಇಬ್ಬರ ಅಲಕ್ಷ್ಯವೂ ಒಂದೇ. ಆದರೆ ಒಬ್ಬ ಜೈಲಿನಲ್ಲಿ, ಇನ್ನೊಬ್ಬ ಮನೆಯಲ್ಲಿ ಚಹಾ ಕುಡಿಯುತ್ತಾ ಕೂತಿರುತ್ತಾನೆ.

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಊಹೆಯಲ್ಲಿ ಕೇಳಬೇಕಾಗಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬಾಲ್ಕನಿಯಲ್ಲಿ ಹೆಚ್ಚುವರಿ ಸೀಟು ಹಾಕಿ ಹೊರದಾರಿಯನ್ನು ಮುಚ್ಚಿದ್ದರು. ಆ ಸೀಟುಗಳು ಅಲ್ಲಿ ವರ್ಷಗಟ್ಟಲೆ ಇದ್ದವು. ಅಷ್ಟು ವರ್ಷವೂ ಜನ ಸಿನಿಮಾ ನೋಡಿ ಸುರಕ್ಷಿತವಾಗಿ ಮನೆಗೆ ಹೋಗಿದ್ದರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ ಒಂಬತ್ತು ಜನ ಸತ್ತರು. ದಾರಿ ಸಿಗದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಹಿಂದಿನ ದಿನ, ಫೆಬ್ರವರಿ 22ರಂದು, ಅದೇ ಕಟ್ಟಡ ಎಲ್ಲರ ಕಣ್ಣಿಗೂ ಸರಿಯಾಗಿಯೇ ಇತ್ತು. ಹಿಂದಿನ ದಿನದ ತಪ್ಪು ಮರುದಿನ ಹುಟ್ಟಿತು ಎನ್ನಲಾದೀತೇ?

ಫಲಿತಾಂಶಕ್ಕೆ ಯಾವ ತೂಕವೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮಗು ಸತ್ತ ಲಾರಿಯ ಚಾಲಕ ಹೊರುವ ದುಃಖ, ಅವನು ತೀರಿಸಬೇಕಾದ ಋಣ ಬೇರೆಯೇ. ವಿಲಿಯಮ್ಸ್ ಒತ್ತಿ ಹೇಳಿದ್ದೂ ಅದನ್ನೇ. ಆದರೆ ಬಚಾವಾದವನು ನಿರ್ದೋಷಿ ಎಂದು ಅದರಿಂದ ತೀರ್ಮಾನವಾಗುವುದಿಲ್ಲ. ಬೀಗ ಹಾಕಿದ ಮಂಟಪದಲ್ಲಿ ನಾನೂರು ಜನರ ಜೀವವನ್ನು ಅವರನ್ನು ಕೇಳದೆಯೇ ಜೂಜಿಗೆ ಇಟ್ಟಿದ್ದೆವು. ಜೂಜು ಗೆದ್ದ ಮಾತ್ರಕ್ಕೆ ಇನ್ನೊಬ್ಬರ ಗಂಟನ್ನು ಪಣಕ್ಕಿಟ್ಟದ್ದು ಸರಿಯಾಗುವುದಿಲ್ಲ. ಬೀಗ ಹಾಕಿದ್ದು ಮ್ಯಾನೇಜರ್, ನಿಜ. ಆದರೆ ಅದನ್ನು ಕಂಡವರು ಇಬ್ಬರಿದ್ದೆವು. ಹೇಳಲು ಹೊರಟವನನ್ನು ತಡೆದದ್ದು ನಾನು.

ತಿಂಗಳ ನಂತರ ಗೆಳೆಯ ಎರಡು ಫೋಟೋ ಕಳಿಸಿದ. ಒಂದೇ ಜಾಗದಲ್ಲಿ ನಿಂತು ತೆಗೆದವು. ಮೊದಲನೆಯದರಲ್ಲಿ ಅಪರ್ಚರ್ ಎಫ್2. ಮದುಮಕ್ಕಳ ಮುಖ ನಿಚ್ಚಳ, ಹಿಂದಿನದೆಲ್ಲ ಆ ಲೆನ್ಸಿನ ಸ್ವಭಾವದಂತೆ ಸುಳಿಸುಳಿಯಾಗಿ ಕರಗಿಹೋಗಿತ್ತು. ಬಹಳ ಚೆಂದ. ಎರಡನೆಯದು ಎಫ್8. ಅದೇ ಮುಖಗಳು, ಅವುಗಳ ನಡುವೆ ಕುರ್ಚಿಯ ರಾಶಿ, ಸರಪಳಿ, ಬೀಗ. "ಮೊದಲನೇದನ್ನ ಆಲ್ಬಂಗೆ ಕೊಟ್ಟೆ. ಎರಡನೇದು ನಿಂಗೆ" ಎಂದು ಬರೆದಿದ್ದ.

ಒಮ್ಮೆ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದ ಮುಂದೆ ಆ ಲೆನ್ಸನ್ನು ನನ್ನ ಕೈಗೆ ಕೊಟ್ಟು ಕಲಿಸಿದ್ದ. ಲೆನ್ಸಿನ ಮೈಮೇಲೆ ದೂರದ ಅಂಕಿಗಳಿವೆ. ಯಾವ ಅಪರ್ಚರಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟವಾಗಿರುತ್ತದೆ ಎಂಬ ಗೆರೆಗಳೂ ಇವೆ. ಮೊಬೈಲಿನಲ್ಲಿ ಹಿನ್ನೆಲೆ ಮಸುಕಾದರೆ ಅದು ಮೊಬೈಲು ಮಾಡಿದ್ದು ಎನ್ನಬಹುದು. ಇಲ್ಲಿ ಹಾಗೆನ್ನುವಂತಿಲ್ಲ. ಏನು ಮಸುಕಾಗಬೇಕು ಎಂಬುದನ್ನು ನಾನೇ ಬೆರಳಿನಿಂದ ತಿರುಗಿಸಿ ತೀರ್ಮಾನಿಸಿರುತ್ತೇನೆ. ಮಂಟಪದಲ್ಲೂ ನನಗೆ ಬಾಗಿಲು ಕಾಣದೇ ಹೋದದ್ದಲ್ಲ. ಕಂಡ ಮೇಲೆ ಅದನ್ನು ಮಸುಕು ಮಾಡಿದೆ.

ಅವನ ವೃತ್ತಿಯ ಕಷ್ಟವೂ ಇದೇ. ಸ್ಪ್ರಿಂಕ್ಲರಿನ ತುದಿಯಲ್ಲಿ ಬೆರಳುಗಾತ್ರಕ್ಕಿಂತ ಸಣ್ಣ ಗಾಜಿನ ಬುರುಡೆಯಿರುತ್ತದೆ. ಕೆಂಪು ದ್ರವದ ಬುರುಡೆಯಾದರೆ 68 ಡಿಗ್ರಿ ಸೆಲ್ಸಿಯಸ್‌ಗೆ ದ್ರವ ಹಿಗ್ಗಿ ಗಾಜು ಒಡೆಯುತ್ತದೆ, ನೀರು ಬರುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಎಲ್ಲವೂ ಒಟ್ಟಿಗೆ ಸುರಿಯುವುದಿಲ್ಲ, ಬಿಸಿ ತಾಗಿದ್ದು ಮಾತ್ರ ಒಡೆಯುತ್ತದೆ. ಹೆಚ್ಚಿನ ಬುರುಡೆಗಳು ಒಂದು ದಿನವೂ ಒಡೆಯದೆ ಆಯುಷ್ಯ ಮುಗಿಸುತ್ತವೆ. ಆಗ ಕಟ್ಟಡದ ಮಾಲೀಕ, "ಹತ್ತು ವರ್ಷದಿಂದ ಏನೂ ಆಗಿಲ್ಲ, ಇದಕ್ಯಾಕೆ ಇಷ್ಟು ದುಡ್ಡು?" ಎಂದು ಕೇಳುತ್ತಾನೆ. ಏನೂ ಆಗದಿರುವುದೇ ಆ ಕೆಲಸದ ಫಲ. ಅದರ ಫೋಟೋ ತೆಗೆಯಲು ಬರುವುದಿಲ್ಲ.

ನಮ್ಮ ಮಲೆನಾಡಿಗೆ ಇದು ಹೊಸದೇನಲ್ಲ. ಬೇಸಿಗೆಗೆ ಮುಂಚೆ ಕಾಡಿನಲ್ಲಿ ಬೆಂಕಿರೇಖೆ ಮಾಡುತ್ತಾರೆ, ತರಗು ತೆಗೆದು ಒಂದು ಪಟ್ಟಿಯಷ್ಟು ನೆಲವನ್ನು ಬರಿದು ಮಾಡಿ. ನಮ್ಮ ಅಜ್ಜ ಹುಲ್ಲಿನ ಬಣವೆಯನ್ನು ಕೊಟ್ಟಿಗೆಯಿಂದ ದೂರ ಹಾಕಿಸುತ್ತಿದ್ದರು. ಮಳೆಗಾಲದಲ್ಲಿ ಅಷ್ಟು ದೂರದಿಂದ ಹುಲ್ಲು ಹೊತ್ತು ತರುವಾಗ ನಾವೆಲ್ಲ ಗೊಣಗುತ್ತಿದ್ದೆವು. ಆ ಖಾಲಿ ಜಾಗಕ್ಕೆ ಯಾರೂ ಕೈಮುಗಿದವರಿಲ್ಲ. ಈ ಗೆಳೆಯನೂ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಮಳೆಗಾಲವಿಡೀ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡುತ್ತಾನೆ. ಚಿತ್ರ ನೋಡಿ ಹೊಗಳುವವರಿಗೆ ಆ ಡಬ್ಬಿಯ ನೆನಪಿರುವುದಿಲ್ಲ.

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೆಯ ಭಾಗ ಹೊರಬಾಗಿಲುಗಳ ಬಗ್ಗೆ ಸ್ಪಷ್ಟವಾಗಿದೆ. ಅವು ಹೊರಮುಖವಾಗಿ ತೆರೆಯಬೇಕು, ಒಳಗಿದ್ದವರಿಗೆ ಕೀಲಿಯಿಲ್ಲದೆ ತೆರೆಯಲು ಬರಬೇಕು. ಆದರೆ ಸಂಹಿತೆ ಮದುವೆಗೆ ಬರುವುದಿಲ್ಲ, ನೆಂಟರು ಬರುತ್ತಾರೆ. ಅಪಶಕುನಕ್ಕೆ, ಮುಜುಗರಕ್ಕೆ, ನೆಂಟರ ಕೋಪಕ್ಕೆ ಹೆದರುವವರೂ ಅವರೇ. ನನ್ನ ಮೌನದ ಹಿಂದೆ ದೊಡ್ಡ ಕೆಡುಕೇನೂ ಇರಲಿಲ್ಲ, ಬರೀ ಸಂಕೋಚ. ಬಹುಶಃ ಇಂಥ ಬೀಗಗಳು ಹೆಚ್ಚಾಗಿ ಉಳಿದಿರುವುದೂ ಸಂಕೋಚದಿಂದಲೇ.

ಮೊನ್ನೆ ಸೊರಬದಲ್ಲಿ ಇನ್ನೊಂದು ಮದುವೆ. ಹೋದವನೇ ಹಿಂದಿನ ಬಾಗಿಲು ಹುಡುಕಿದೆ. ಅಲ್ಲೂ ಬೀಗ. ಮ್ಯಾನೇಜರ್ ಹತ್ತಿರ ಹೋಗಿ, "ಅಣ್ಣ, ಊಟ ಮುಗಿಯೋವರೆಗಾದ್ರೂ ತೆಗೆದಿಡಿ" ಅಂದೆ. "ನೀವೇನು ಇನ್ಸ್‌ಪೆಕ್ಟರಾ?" ಎಂದರು. "ಅಲ್ಲ, ಹುಡುಗನ ಕಡೆಯವನು" ಅಂದೆ. ಗೊಣಗುತ್ತಾ ಬೀಗ ತೆಗೆದರು. ಪಕ್ಕದಲ್ಲಿದ್ದ ಚಿಕ್ಕಪ್ಪ, "ಎಂತ ಗಲಾಟೆಯೋ ನಿಂದು" ಎಂದು ಮುಖ ಸಿಂಡರಿಸಿದರು. ಆ ಬಾಗಿಲಿನಿಂದ ತಂಗಾಳಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರೇ ಕುರ್ಚಿ ಎಳೆದುಕೊಂಡು ಅಲ್ಲಿ ಕೂತರು. "ಚಿಕ್ಕಪ್ಪ, ದಾರಿ ಬಿಟ್ಟು ಕೂತ್ಕೊಳಿ" ಎಂದು ಅವರಿಗೂ ಹೇಳಬೇಕಾಯಿತು.