ಮಾನಸಾಂತರವೂ ಹಳೆಯ ಸಾಲವೂ

ಗ್ರಾಮಸಭೆಗಳಲ್ಲಿ ಎದ್ದು ಬರುವ ಒಂದು ಪ್ರಶ್ನೆಯನ್ನು ಈ ಸಾರಿ ವಿಚಾರಿಸೋಣ. ಅದೇನಂದರೆ: ಒಬ್ಬನು ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಹೊಂದಿದಾಗ ಅವನ ಹಿಂದಿನ ಪಾಪಗಳೆಲ್ಲಾ ಕ್ಷಮಿಸಲ್ಪಟ್ಟವಷ್ಟೆ. ಹಾಗಾದರೆ ಅವನು ಹಿಂದೆ ಒತ್ತಿಕೊಂಡ ನೆರೆಯವನ ಹೊಲದ ಬದುವನ್ನೂ, ಕಳ್ಳತೂಕದಿಂದ ಪಡೆದ ಲಾಭವನ್ನೂ, ತೀರಿಸದೆ ಬಿಟ್ಟ ಸಾಲವನ್ನೂ ಇನ್ನು ಹಿಂದಕ್ಕೆ ಕೊಡಬೇಕೋ? ದೇವರೇ ಕ್ಷಮಿಸಿದ ಮೇಲೆ ಮನುಷ್ಯನಿಗೆ ಸಲ್ಲತಕ್ಕದ್ದು ಏನು ಉಳಿಯಿತು? ಅದರಲ್ಲಿಯೂ ಆ ನೆರೆಯವನು ನಮ್ಮ ಸಭೆಗೆ ಸೇರಿದವನಲ್ಲದಿದ್ದರೆ ಏನು ಹೇಳೋಣ?

ಮೊದಲು ಮಾನಸಾಂತರವೆಂದರೇನೆಂಬದನ್ನು ತಿಳಿದುಕೊಳ್ಳುವದು ಅವಶ್ಯ. ಪಶ್ಚಾತ್ತಾಪವೆಂಬ ಮಾತಿಗೆ ಮಾಡಿದ ಮೇಲೆ ಹುಟ್ಟುವ ಬೇಗುದಿ ಎಂದರ್ಥ. ಆದರೆ ಹೊಸ ಒಡಂಬಡಿಕೆಯ ಗ್ರೀಕ್ ಮಾತಾದ ಮೆಟಾನೊಯಿಯ ಎಂಬದಕ್ಕೆ ಮನಸ್ಸು ಬೇರೆಯಾಗುವದೆಂದೂ, ಪ್ರವಾದಿಗಳು ಉಪಯೋಗಿಸಿದ ಇಬ್ರಿಯ ಮಾತಾದ ಶೂಬ್ ಎಂಬದಕ್ಕೆ ತಿರುಗಿಕೊಳ್ಳುವದೆಂದೂ ಅರ್ಥ. ಸಂತೆಗೆ ಹೊರಟು ದಾರಿ ತಪ್ಪಿದವನು ನಿಂತಲ್ಲೇ ನಿಂತು ಎಷ್ಟು ಅತ್ತರೂ ಸಂತೆಯನ್ನು ಮುಟ್ಟಲಾರನು. ಅವನು ತಿರುಗಬೇಕು, ತಿರುಗಿ ನಡೆಯಬೇಕು. ಹಾಗೆಯೇ ಕಣ್ಣೀರು ಮಾನಸಾಂತರದ ಆರಂಭವಾಗಿರಬಹುದು, ಮಾನಸಾಂತರವೇ ಅಲ್ಲ.

ಮೋಶೆಯ ಧರ್ಮಶಾಸ್ತ್ರವು ಈ ವಿಷಯದಲ್ಲಿ ಬಹು ಸ್ಪಷ್ಟವಾಗಿದೆ. ಮೋಸದಿಂದಾಗಲಿ ಬಲಾತ್ಕಾರದಿಂದಾಗಲಿ ಮತ್ತೊಬ್ಬನ ಸೊತ್ತನ್ನು ತೆಗೆದುಕೊಂಡವನು ಅದನ್ನು ಪೂರ್ತಿಯಾಗಿ ಹಿಂದಕ್ಕೆ ಕೊಟ್ಟು, ಐದರಲ್ಲಿ ಒಂದು ಪಾಲನ್ನು ಕೂಡಿಸಿ, ಪ್ರಾಯಶ್ಚಿತ್ತ ಯಜ್ಞವನ್ನು ತರುವ ದಿನದಲ್ಲೇ ಅದರ ಒಡೆಯನಿಗೆ ಸಲ್ಲಿಸಬೇಕೆಂದು ಯಾಜಕಕಾಂಡದ 6ನೆಯ ಅಧ್ಯಾಯವು ವಿಧಿಸುತ್ತದೆ. ಒಡೆಯನು ಸತ್ತು, ಅವನಿಗೆ ಹತ್ತಿರದ ಬಂಧುವೂ ಇಲ್ಲದೆ ಹೋದರೆ ಅದು ಯೆಹೋವನಿಗೆ ಸಲ್ಲುವದಾಗಿ ಯಾಜಕನಿಗೆ ಸೇರಬೇಕೆಂದು ಅರಣ್ಯಕಾಂಡದ 5ನೆಯ ಅಧ್ಯಾಯದಲ್ಲಿದೆ. ಒಡೆಯನು ಇಲ್ಲವಾದರೂ ಕೈಯಲ್ಲಿರುವ ಅನ್ಯಾಯದ ಸೊತ್ತು ನಮ್ಮದಾಗುವದಿಲ್ಲವೆಂಬದನ್ನು ಗಮನಿಸಿರಿ.

ಇದು ಹಳೆಯ ಒಡಂಬಡಿಕೆಯ ನಿಯಮ, ನಾವಾದರೋ ಕೃಪೆಯ ಅಧೀನದಲ್ಲಿದ್ದೇವಲ್ಲಾ ಎಂದು ಯಾರಾದರೂ ಹೇಳಬಹುದು. ಹಾಗಾದರೆ ಯೆರಿಕೋವಿನ ಜಕ್ಕಾಯನನ್ನು ನೋಡೋಣ. ಕರ್ತನು ಮೊದಲು ಅವನನ್ನು ಹೆಸರು ಹಿಡಿದು ಕರೆದು ಅವನ ಮನೆಯಲ್ಲಿ ಇಳುಕೊಳ್ಳುವೆನೆಂದನು. ಜಕ್ಕಾಯನು ತನ್ನ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದೂ ಮೋಸಹೋದವರಿಗೆ ನಾಲ್ಕರಷ್ಟು ತಿರುಗಿ ಕೊಡುವೆನೆಂದೂ ಹೇಳಿದ್ದು ಆಮೇಲೆ. ಆದದರಿಂದ ಅವನು ಹಣಕೊಟ್ಟು ರಕ್ಷಣೆಯನ್ನು ಕೊಂಡುಕೊಳ್ಳಲಿಲ್ಲ. ಆದರೆ ಕರ್ತನು, ನಿನ್ನನ್ನು ಕ್ಷಮಿಸಿದ್ದಾಯಿತು, ಹಣವು ನಿನ್ನಲ್ಲೇ ಇರಲಿ, ಎಂದು ಅವನ ಕೈಯನ್ನು ತಡೆಯಲೂ ಇಲ್ಲ. ಮೋಸಹೋದವರು ಶಿಷ್ಯರೋ ಅಲ್ಲವೋ ಎಂದು ಜಕ್ಕಾಯನು ಕೇಳಿದ್ದನ್ನೂ ನಾವು ಓದುವದಿಲ್ಲ. ಬದುವಿನ ಆಚೆ ಇರುವವನ ಮತ ಯಾವದಾದರೂ ಬದು ಅವನದೇ.

ಕೊಟ್ಟುಬಿಟ್ಟರೆ ಸಾಕೆಂದು ಎಣಿಸುವವನಿಗೂ ಸತ್ಯವೇದವು ಎಚ್ಚರಿಕೆ ಹೇಳುತ್ತದೆ. ಇಸ್ಕರಿಯೋತ ಯೂದನು ಆ 30 ಬೆಳ್ಳಿಯ ನಾಣ್ಯಗಳನ್ನು ಹಿಂದಕ್ಕೆ ತಂದನು, ತಪ್ಪನ್ನು ಬಾಯಿಂದ ಒಪ್ಪಿಕೊಂಡನು. ಆದರೂ ತಾನು ದ್ರೋಹಮಾಡಿದ ಕರ್ತನ ಕಡೆಗೆ ತಿರುಗದೆ ನಾಶವಾದನು. ನಂಬಿಕೆಯಿಲ್ಲದ ಕೊಡುವಿಕೆಯು ನಿರಾಶೆಯಲ್ಲಿ ಮುಗಿಯಬಹುದು. ಕೊಡುವಿಕೆಯಿಲ್ಲದ ನಂಬಿಕೆಯು ಬರೀ ಮಾತಾಗಿ ಉಳಿಯಬಹುದು. ಕ್ರಿಸ್ತ ವಿಶ್ವಾಸಿಗಳ ಜೀವಮಾನವೆಲ್ಲಾ ಮಾನಸಾಂತರವಾಗಿರಬೇಕೆಂಬದೇ 1517ರಲ್ಲಿ ಲೂಥರನು ಹೊರಡಿಸಿದ 95 ವಾಕ್ಯಗಳಲ್ಲಿ ಮೊದಲನೆಯದರ ಅಭಿಪ್ರಾಯ. 1530ರ ಔಗ್ಸ್‌ಬುರ್ಗ್ ವಿಶ್ವಾಸಪ್ರಕಟಣೆಯ 12ನೆಯ ಪ್ರಕರಣವು ಪಾಪದ ನಿಮಿತ್ತ ಮನಸ್ಸಿಗೆ ತಟ್ಟುವ ಭಯವನ್ನೂ, ಸುವಾರ್ತೆಯಿಂದ ಹುಟ್ಟುವ ನಂಬಿಕೆಯನ್ನೂ ಮಾನಸಾಂತರದ ಎರಡು ಭಾಗಗಳೆಂದು ಹೇಳಿ, ಸತ್ಕ್ರಿಯೆಗಳು ಅದರ ಫಲಗಳಾಗಿ ಹಿಂಬಾಲಿಸಬೇಕೆಂದು ಬೋಧಿಸುತ್ತದೆ. ಹಣ್ಣು ಮರಕ್ಕೆ ಜೀವ ಕೊಡುವದಿಲ್ಲ, ನಿಜ. ಆದರೆ ವರುಷ ವರುಷವೂ ಹಣ್ಣು ಬಿಡದ ಮಾವಿನ ಮರದ ವಿಷಯದಲ್ಲಿ ತೋಟದವನು ಏನು ನೆನಸುವನೆಂದು ನಾವೆಲ್ಲರೂ ಬಲ್ಲೆವು.

ಆದರೆ ಕೊಡಲು ಏನೂ ಇಲ್ಲದವನ ಗತಿ ಏನು? ಅವನು ಹೆದರದಿರಲಿ. ಶಿಲುಬೆಯ ಮೇಲಿದ್ದ ಕಳ್ಳನ ಕೈಕಾಲುಗಳು ಬಿಡುವಾಗಿರಲಿಲ್ಲ. ಒಂದು ಕಾಸನ್ನಾದರೂ ಅವನು ಹಿಂದಕ್ಕೆ ಕೊಡಲಾರದೆ ಇದ್ದನು. ಅವನಿಗೆ ಉಳಿದದ್ದು ನಾಲಿಗೆಯೊಂದೇ. ಅದರಿಂದಲೇ ತನಗಾದ ದಂಡನೆ ನ್ಯಾಯವೆಂದು ಒಪ್ಪಿದನು, ಜೊತೆಯವನನ್ನು ಗದರಿಸಿದನು, ಕರ್ತನನ್ನು ಬೇಡಿಕೊಂಡನು. ದೇವರು ಇಲ್ಲದ್ದನ್ನು ಕೇಳುವದಿಲ್ಲ, ಇದ್ದದ್ದನ್ನು ಕೇಳುತ್ತಾನೆ. ಒಂದೇ ಸಾರಿ ತೀರಿಸಲಾರದವನು ಸಾಲಗಾರನ ಬಳಿಗೆ ಹೋಗಿ ಮುಚ್ಚುಮರೆಯಿಲ್ಲದೆ ಮಾತಾಡಿ, ಸುಗ್ಗಿಯಿಂದ ಸುಗ್ಗಿಗೆ ಸ್ವಲ್ಪ ಸ್ವಲ್ಪವಾಗಿ ಕೊಡಲಿ. ನೆರೆಯವಳ ಹೆಸರನ್ನು ಕೆಡಿಸಿದವಳು ಯಾವ ಜಗಲಿಯಲ್ಲಿ ಕೂತು ಆ ಮಾತನ್ನು ಆಡಿದಳೋ ಅದೇ ಜಗಲಿಯಲ್ಲಿ ಅದು ಸುಳ್ಳೆಂದು ಹೇಳಲಿ. ಹಣ ಕೊಡುವದಕ್ಕಿಂತಲೂ ಇದು ಕಷ್ಟವಾಗಿ ತೋರಬಹುದು.

ಇದರಲ್ಲಿ ಸಭೆಗೂ ಒಂದು ಪಾಲು ಉಂಟು. ದಾಸನಾದ ಒನೇಸಿಮನು ನಂಬಿದ ಮೇಲೆ ಪೌಲನು ಅವನ ಹಳೆಯ ಲೆಕ್ಕವನ್ನು ಅಳಿಸಿಬಿಡಲಿಲ್ಲ. ಅವನನ್ನು ಫಿಲೆಮೋನನ ಬಳಿಗೆ ಹಿಂದಕ್ಕೆ ಕಳುಹಿಸಿ, ನಷ್ಟವೇನಾದರೂ ಇದ್ದರೆ ತಾನೇ ತೀರಿಸುವೆನೆಂದು ಸ್ವಂತ ಕೈಯಿಂದ ಬರೆದುಕೊಟ್ಟನು. ಪೌಲನು ಆಗ ಸೆರೆಯಲ್ಲಿದ್ದನು. ಸೆರೆಯವನು ಸಹೋದರನ ಹೊರೆಯನ್ನು ಹೊರಲು ಮುಂದೆ ಬಂದರೆ, ತಿರುಗಿಕೊಂಡ ಬಡವನೊಬ್ಬನ ಜೊತೆಯಲ್ಲಿ ಸಾಲಗಾರನ ಬಾಗಿಲಿಗೆ ಹೋಗುವದು ಸಭೆಯ ಹಿರಿಯರಿಗೆ ಭಾರವೇ?

ಆದಕಾರಣ ಪ್ರಿಯರೇ, ಕರ್ತನ ಭೋಜನಕ್ಕೆ ಸಿದ್ಧರಾಗುವಾಗ ನಮ್ಮ ಹೃದಯವನ್ನು ಮಾತ್ರವಲ್ಲ, ನಮ್ಮ ಬದುಗಳನ್ನೂ ತಕ್ಕಡಿಗಳನ್ನೂ ಶೋಧಿಸೋಣ. ಹೋಗುತ್ತೇನೆಂದು ಹೇಳಿ ಹೋಗದೆ ಉಳಿದ ಮಗನಿಗಿಂತ, ಒಲ್ಲೆನೆಂದು ಹೇಳಿ ಆಮೇಲೆ ತೋಟಕ್ಕೆ ಹೋದ ಮಗನೇ ತಂದೆಯ ಚಿತ್ತವನ್ನು ನಡಿಸಿದನೆಂಬದನ್ನು ಕರ್ತನ ಸಾಮ್ಯವು ನಮಗೆ ಕಲಿಸುತ್ತದೆ. ಇದುವರೆಗೆ ಒಲ್ಲೆನೆಂದು ನಿಂತವನು ನಮ್ಮಲ್ಲಿ ಯಾವನಾದರೂ ಇದ್ದರೆ ಅವನಿಗೂ ತೋಟದ ಬಾಗಿಲು ತೆರೆದೇ ಇದೆ. ಹೊತ್ತು ಮುಳುಗುವದಕ್ಕೆ ಮುಂಚೆ ಅವನು ಏಳಲಿ.